ಏಳರಿಂದ ಎಂಟರವರೆಗೆ ಇಂಗ್ಲಿಷ್

ನಾನು ಡೈರಿಯಲ್ಲಿ ಮನಸ್ಸಿನ ಮಾತುಗಳನ್ನು ಬರೆಯುವವಳಲ್ಲ. ವಾರ, ತಾರೀಖು, ಅವತ್ತು ಆದದ್ದು, ಆಗದೆ ಉಳಿದದ್ದು, ಇಷ್ಟೇ. ಬೇಗಂಪೇಟೆಯ ಒಂದು ಆಫೀಸಿನಲ್ಲಿ ದಿನವಿಡೀ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಆ ಚಾಳಿಯನ್ನು ಮನೆಗೂ ಹೊತ್ತು ತರುತ್ತೇನೆ ಎಂದು ಅಣ್ಣ ನಗುತ್ತಿದ್ದ. ಹಾಲು ಬಾರದ ದಿನಕ್ಕೊಂದು ಗೀಟು, ನಳದಲ್ಲಿ ನೀರು ಬಾರದ ದಿನಕ್ಕೊಂದು ಗೀಟು. "ನಾ ಎಷ್ಟ್ ಸಲ ಸೀನಿದೆ ಅದನ್ನೂ ಬರದು ಇಡು," ಎನ್ನುತ್ತಿದ್ದ.

ಅವನು ತೀರಿಕೊಂಡ ವಾರದ ಪುಟಗಳು ಖಾಲಿ ಇವೆ. ಅದರ ಮುಂದಿನ ವಾರದವೂ ಖಾಲಿ. ಆಮೇಲೆ ಮೊದಲು ಬರೆದದ್ದು ದೀಪಾವಳಿ ಮುಗಿದ ಮೇಲಿನ ಒಂದು ಸೋಮವಾರ: "ವೈನಿಗೆ ಇಂಗ್ಲಿಷ್ ಶುರು. ಸಂಜೆ ಏಳರಿಂದ ಎಂಟು."

ವೈನಿ ಎಂದರೆ ಅಣ್ಣನ ಹೆಂಡತಿ. ನಮ್ಮ ಕಲಬುರಗಿ ಕಡೆ ಹಾಗೇ ಕರೆಯುತ್ತೇವೆ. ಅವರ ತವರು ರಾಯಚೂರು. ಮದುವೆಯಾಗಿ ಹೈದರಾಬಾದಿಗೆ ಬಂದು ಮೂರು ವರ್ಷವೂ ತುಂಬಿರಲಿಲ್ಲ. ಅಣ್ಣ ಶಂಶಾಬಾದಿನ ಕಡೆ ಏಳುತ್ತಿದ್ದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎಲೆಕ್ಟ್ರಿಷಿಯನ್. ಮಳೆಗಾಲದ ಕೊನೆಗೆ ಜ್ವರ ಬಂತು. ಮೊದಲ ಎರಡು ದಿನ ಗುಳಿಗೆ ನುಂಗಿ ಕೆಲಸಕ್ಕೆ ಹೋದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಡೆಂಗಿ ಬಹಳ ಮುಂದೆ ಹೋಗಿತ್ತು. ಒಂದು ವಾರದೊಳಗೆ ಎಲ್ಲ ಮುಗಿಯಿತು.

ಮನೆಯಲ್ಲಿ ಉಳಿದದ್ದು ಅವ್ವ, ವೈನಿ, ನಾನು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದವರು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಒಂದು ಲಾಡ್ಜಿನ ಬೆನ್ನಿಗೆ ಅಂಟಿಕೊಂಡಂತಿರುವ ಮನೆಯ ಮೇಲಿನ ಎರಡು ಕೋಣೆ ನಮ್ಮವು. ಅವ್ವ ಸೀರೆಗಳಿಗೆ ಫಾಲ್ ಹಚ್ಚಿ ಪಿಕೊ ಮಾಡಿ ಕೊಡುತ್ತಾಳೆ. ಅವಳ ಮಿಷನ್ನು ಕಿಟಕಿಯ ಪಕ್ಕ. ಕಿಟಕಿಯ ಆಚೆ ಪ್ಲಾಟ್‌ಫಾರ್ಮಿನ ತಗಡಿನ ಸೂರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ವೈನಿಯ ಅಣ್ಣ, ರಾಯಚೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಅವ್ವನ ಎದುರು ಕೂತು ನಿಧಾನವಾಗಿ ಹೇಳಿದರು: "ಅತ್ತಿಯಾರ, ತಪ್ಪು ತಿಳೀಬ್ಯಾಡ್ರಿ. ನಮ್ಮ ತಂಗಿಗೆ ಇನ್ನಾ ಇಪ್ಪತ್ನಾಕು. ಹಿಂಗ ಕೂಡಸೂದು ನನಗ ಆಗಂಗಿಲ್ಲ. ಕರಕೊಂಡ್ ಹೋಗ್ತೀನಿ. ಮುಂದ ಯಾವುದರ ಚೊಲೋ ಮನಿ ನೋಡಿ..."

ಅವರು ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ನಮ್ಮ ಜೊತೆ ನೆಲದ ಮೇಲೆ ಮಲಗಿದವರು. ಅವ್ವ ತಲೆ ಅಲ್ಲಾಡಿಸಿದಳು. ಒಪ್ಪಿಗೆಯ ತಲೆಯಾಟವೋ ಬರೀ ಕೇಳಿಸಿತು ಎನ್ನುವುದೋ ತಿಳಿಯಲಿಲ್ಲ.

ಒಳಗಿನಿಂದ ವೈನಿ ಬಂದರು. "ನಾ ಬರಂಗಿಲ್ಲ."

"ಇಲ್ಲಿದ್ದು ಏನ್ ಮಾಡ್ತಿ?"

"ಕೆಲಸ ಮಾಡ್ತೀನಿ."

"ಏನ್ ಕೆಲಸ ಬರ್ತೈತಿ ನಿನಗ? ಮನಿ ದಾಟಿ ತರಕಾರಿ ತರೂದೊಂದು ಕಲ್ತೀದಿ."

"ಕಲೀತೀನಿ."

ಅವರ ಅಣ್ಣ ಎದ್ದು ಚಪ್ಪಲಿ ಮೆಟ್ಟುತ್ತ ಅಂದರು: "ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ಒಂದ್ ಕೆಲಸ ಹತ್ತಿತು ಅಂದ್ರ ನಾ ಬಾಯಿ ತಗಿಯಂಗಿಲ್ಲ. ಹತ್ತಲಿಲ್ಲ ಅಂದ್ರ ನೀ ಬಾಯಿ ತಗೀಬಾರದು."

ಅವತ್ತು ಸಂಜೆ ಬಟ್ಟೆ ಮಡಚುತ್ತ ವೈನಿ ನನಗೆ ಹೇಳಿದ್ದು ಇದು: "ಅಲ್ಲಿಗೆ ಹೋದ್ರ ನನ್ನ ಇನ್ನೊಂದ್ ಮನಿಗೆ ಕೊಡ್ತಾರವಾ. ಇಲ್ಲಿದ್ರ ನಾ ಇನ್ನೂ ನಿಮ್ಮಣ್ಣನ ಹೆಂಡ್ತಿ."

ಕೆಲಸದ ದಾರಿ ತೋರಿಸಿದವಳು ಕೆಳಗಿನ ಮನೆಯ ತೆಲುಗು ಹೆಂಗಸು. ಅವಳು ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿ ತಳ್ಳುವ ಕೆಲಸದಲ್ಲಿದ್ದಳು. ವಯಸ್ಸಾದವರನ್ನು, ಕಾಲು ನೋವಿನವರನ್ನು ಬಾಗಿಲಿನಿಂದ ವಿಮಾನದವರೆಗೆ ಕರೆದೊಯ್ಯಬೇಕು. ಇನ್ನಷ್ಟು ಹುಡುಗಿಯರು ಬೇಕಾಗಿದ್ದಾರೆ, ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕು, ಆದರೆ ಎರಡು ಮಾತು ಇಂಗ್ಲಿಷ್ ಆಡಬೇಕು ಎಂದಳು. ಶಿವರಾತ್ರಿ ಕಳೆದ ಮೇಲೆ ಬೇಗಂಪೇಟೆಯಲ್ಲಿ ಆ ಕೆಲಸದ ಗುತ್ತಿಗೆ ಹಿಡಿದವರ ಆಫೀಸಿನಲ್ಲಿ ಇಂಟರ್‌ವ್ಯೂ. ವೈನಿ ಪಿಯುಸಿ ಓದಿದವರು, ಕನ್ನಡ ಮೀಡಿಯಂ. ನನ್ನ ಇಂಗ್ಲಿಷ್ ಆಫೀಸಿನ ಫೋನಿಗೆ ಸಾಕಾಗುವಷ್ಟು. ಅಷ್ಟನ್ನು ಹಂಚಿಕೊಳ್ಳಬಹುದು ಅನ್ನಿಸಿತು.

ಕೋಠಿಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರ ಬಳಿ ಹೋಗಿ ಹುಡುಕಿದೆ. ಕನ್ನಡದಿಂದ ಇಂಗ್ಲಿಷ್ ಕಲಿಸುವ ಪುಸ್ತಕ ಒಂದೂ ಇರಲಿಲ್ಲ. ಸಿಕ್ಕದ್ದು ಮೂರು ಸಾಲಿನದು: ಮೇಲೆ ತೆಲುಗು, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್. ವೈನಿಗೆ ತೆಲುಗು ಓದಲು ಬಾರದು, ಆದರೆ ತರಕಾರಿಯವಳ ಜೊತೆ ಆಡಿ ಆಡಿ ಕಿವಿಗೆ ಚೆನ್ನಾಗಿ ಬರುತ್ತಿತ್ತು. ಹಿಂದಿಯೂ ಹಾಗೇ. ನಾನು ಓದುವುದು, ಅವರು ಹೇಳುವುದು ಎಂದಾಯಿತು.

ನಿಯಮ ಮಾಡಿದ್ದು ನಾನು. ಸಂಜೆ ಏಳರಿಂದ ಎಂಟರವರೆಗೆ ಈ ಮನೆಯಲ್ಲಿ ಕನ್ನಡ ಇಲ್ಲ. ಯಾರಿಗೂ ಇಲ್ಲ.

"ಮತ್ತ ನಾ?" ಅವ್ವ ಕೇಳಿದಳು.

"ನೀನೂ."

"ಒಂದ್ ತಾಸು ನನ್ನ ಬಾಯಿಗೆ ಕೀಲಿ ಹಾಕು ಅನ್ನು. ಹೆಂಗೂ ಈ ಮನ್ಯಾಗ ನನ್ನ ಮಾತು ಯಾರ್ ಕೇಳ್ತೀರಿ."

ಮೊದಲ ದಿನ ಆ ಒಂದು ತಾಸು ಮನೆ ಸ್ಮಶಾನದ ಹಾಗಿತ್ತು. ವೈನಿ ಪುಸ್ತಕದ ಕಡೆ ನೋಡುತ್ತ ಕೂತರು. ಅವ್ವ ಮಿಷನ್ ತುಳಿದಳು. ಏಳೂವರೆಗೆ ಅವಳಿಗೆ ತಡೆಯಲಾಗದೆ "ಟೀ?" ಎಂದಳು. ಇಬ್ಬರೂ ಒಟ್ಟಿಗೆ "ಎಸ್!" ಎಂದೆವು. ಅಣ್ಣ ಹೋದ ಮೇಲೆ ಮೂವರೂ ನಕ್ಕದ್ದು ಅದೇ ಮೊದಲು. ನಕ್ಕ ಕೂಡಲೇ ಮೂವರೂ ಬೇರೆ ಬೇರೆ ಕಡೆ ನೋಡಿದೆವು.

ವೈನಿಗೆ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಮೊದಲೇ ಬರುತ್ತಿತ್ತು. ಸ್ಟೇಷನ್ನಿನ ಮೈಕು ದಿನವಿಡೀ ಕೂಗುವುದು: "ಮೇ ಐ ಹ್ಯಾವ್ ಯುವರ್ ಅಟೆನ್ಷನ್ ಪ್ಲೀಸ್." ಅದನ್ನು ಆ ಮೈಕಿನ ಹೆಂಗಸಿನ ಹಾಗೇ, ಮೂಗಿನಲ್ಲಿ ಎಳೆದು ಹೇಳುತ್ತಿದ್ದರು. ಆ ಮೈಕು ಒಂದೇ ಸುದ್ದಿಯನ್ನು ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳುತ್ತದೆ. ನಮ್ಮ ಪುಸ್ತಕವೂ ಅದೇ ಕ್ರಮದ್ದು. ಹಾಗಾಗಿ ವೈನಿಗೆ ಒಂದು ಅಭ್ಯಾಸ ಬಿತ್ತು. ಏನು ಕೇಳಿದರೂ ಮೊದಲು ತೆಲುಗಿನಲ್ಲಿ ಉತ್ತರಿಸುವರು, ಅದನ್ನೇ ಹಿಂದಿಯಲ್ಲಿ ಹೇಳುವರು, ಆಗ ಇಂಗ್ಲಿಷ್ ತಾನಾಗಿ ಬಾಯಿಗೆ ಬರುವುದು.

"ವೇರ್ ಡು ಯು ಲಿವ್?"

"ನೇನು ಕಾಚಿಗೂಡಲೋ ಉಂಟಾನು. ಮೈ ಕಾಚಿಗೂಡಾ ಮೇ ರಹತೀ ಹೂಂ. ಐ ಲಿವ್ ಇನ್ ಕಾಚಿಗೂಡ."

"ವೈನಿ, ಸೀದಾ ಇಂಗ್ಲಿಷ್."

"ಸೀದಾ ಬರಂಗಿಲ್ಲವಾ. ಮೆಟ್ಟಲಾ ಹತ್ತೇ ಮಾಳಿಗಿಗೆ ಹೋಗಬೇಕಲ್ಲ. ನಿನ್ನಂಗ ಹಾರಾಕ ನನಗ ರೆಕ್ಕಿ ಅದಾವೇನು?"

"ಕನ್ನಡ ಮಾತಾಡಿದಿರಿ. ಒಂದು ಗೀಟು."

"ಹಾಕ್ಕೋ. ನಿಮ್ಮಣ್ಣನ ಸೀನಿಗೆ ಹಾಕಿದ್ದಿಲ್ಲ, ನನಗರ ಹಾಕು."

ನಾನು ಪುಟಕ್ಕೆ ಮೂರು ಅಂಕಣ ಎಳೆದಿದ್ದೆ: ಸಲೀಸು, ತಡವರಿಸಿ, ಆಗಲಿಲ್ಲ. ದಿನದಿನಕ್ಕೆ ಮೊದಲ ಅಂಕಣದಲ್ಲಿ ಗೀಟುಗಳು ಹೆಚ್ಚಿದವು. ಮೇ ಐ ಹೆಲ್ಪ್ ಯು. ಪ್ಲೀಸ್ ಸಿಟ್. ಮೈಂಡ್ ಯುವರ್ ಹ್ಯಾಂಡ್ ಸರ್. ಡು ಯು ವಾಂಟ್ ವಾಟರ್. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಕಿಯ ಹಾಗೆ ಕೂರುತ್ತಿದ್ದೆ, ಅವರು ಹಿಂದೆ ನಿಂತು ಕುರ್ಚಿಯನ್ನು ತಳ್ಳುತ್ತಿದ್ದರು. ಅದು ನೆಲಕ್ಕೆ ಉಜ್ಜಿ ಕಿರ್ರೆನ್ನುತ್ತಿತ್ತು. ಕೆಳಗಿನ ಮನೆಯವಳು ಕೋಲಿನಿಂದ ಚಾವಣಿಗೆ ತಟ್ಟುತ್ತಿದ್ದಳು. ಮೆಟ್ಟಿಲು ಹತ್ತುವ ಅಭ್ಯಾಸ ಇಂಟರ್‌ವ್ಯೂ ಹೊತ್ತಿಗೆ ತಾನೇ ಬಿಟ್ಟುಹೋಗುತ್ತದೆ ಎಂದುಕೊಂಡಿದ್ದೆ.

ಸಂಕ್ರಾಂತಿ ಹತ್ತಿರವಾದಾಗ ಪುಸ್ತಕದಲ್ಲಿ 'ನನ್ನ ಕುಟುಂಬ' ಎನ್ನುವ ಪಾಠ ಬಂತು. ನಾನು ಅದನ್ನು ಹಾರಿಸಿ ಮುಂದಿನ ಹಾಳೆ ತಿರುವಿದೆ. ವೈನಿ ಕೈ ಅಡ್ಡ ಇಟ್ಟರು. "ಇಂಟರ್‌ವ್ಯೂದಾಗ ಇದನ್ನ ಕೇಳಿದ್ರ? ಓದು."

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆ, ಸೀಮಂತದಂಥ ಹೊತ್ತಿನಲ್ಲಿ ಮಾತ್ರ ಒಡಪು ಹಾಕಿ, ಪದ್ಯದ ಸಾಲಿನ ನಡುವೆ ಹೆಸರನ್ನು ಮುಚ್ಚಿಟ್ಟು ಹೇಳಬಹುದು. ವೈನಿ ಮೊದಲು ಈ ಮನೆಗೆ ಬಂದ ದಿನ ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದವಳು ನಾನೇ. ತಲೆ ತಗ್ಗಿಸಿ ಎಷ್ಟು ಮೆಲ್ಲಗೆ ಹೇಳಿದರೆಂದರೆ "ಕೇಳಲಿಲ್ಲ, ಇನ್ನೊಮ್ಮೆ," ಎಂದು ಎರಡು ಸಲ ಹೇಳಿಸಿದ್ದೆ. ಅದಾದ ಮೇಲೆ ಅವರ ಬಾಯಲ್ಲಿ ಅಣ್ಣನ ಹೆಸರು ನಾನು ಕೇಳಿರಲಿಲ್ಲ. ನಾನಿದ್ದರೆ 'ನಿಮ್ಮಣ್ಣ', ಅವ್ವ ಇದ್ದರೆ 'ಇವರು'. ಅವನು ಹೋದ ಮೇಲೆ ನಾನೂ ಅವ್ವನೂ ಕೂಡ ಆ ಹೆಸರನ್ನು ಆಡುವುದು ನಿಲ್ಲಿಸಿದ್ದೆವು. ಯಾರೂ ಹಾಗೆ ಮಾತಾಡಿಕೊಂಡಿರಲಿಲ್ಲ. ಸುಮ್ಮನೆ ನಿಂತುಹೋಗಿತ್ತು.

ನಾನು ಓದಿದೆ: "ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?"

ಅವರು ತೆಲುಗು ಹೇಳಲಿಲ್ಲ. ಹಿಂದಿಯನ್ನೂ ಹೇಳಲಿಲ್ಲ. "ಮೈ ಹಸ್ಬೆಂಡ್ಸ್ ನೇಮ್ ಈಸ್," ಎಂದು ಅಣ್ಣನ ಹೆಸರು ಹೇಳಿದರು. ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ.

ಅವ್ವನ ಮಿಷನ್ ನಿಂತಿತು.

ನಾನು ಮುಂದಿನ ಪ್ರಶ್ನೆ ಓದುವ ಮೊದಲೇ ವೈನಿಯೇ ಮುಂದುವರಿಸಿದರು, ಪುಸ್ತಕದಲ್ಲಿ ಇಲ್ಲದ್ದನ್ನು. "ಹಿ ಲೈಕ್ ರೆಡ್ ಶರ್ಟ್. ಐ ನೋ ಲೈಕ್ ರೆಡ್ ಶರ್ಟ್. ಹಿ ಸಿಂಗ್ ವೆರಿ ಬ್ಯಾಡ್." ಸ್ವಲ್ಪ ಹೊತ್ತು ಶಬ್ದ ಹುಡುಕಿದರು. "ಹಿ ಫೀವರ್. ಐ ಸೇ ಹಾಸ್ಪಿಟಲ್. ಹಿ ಸೇ ಟುಮಾರೋ. ಐ ಸೇ ಟುಡೇ. ಹಿ ಸೇ ಟುಮಾರೋ. ಐ ಆಮ್ ಆ್ಯಂಗ್ರಿ."

ಆ ಜ್ವರದ ಎರಡು ದಿನ ಮನೆಯಲ್ಲಿ ಇಂಥ ಮಾತು ನಡೆದದ್ದು ನನಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದ್ದೆವು. ಕನ್ನಡದಲ್ಲಿ ಅವರು ಒಂದು ಸಲವೂ ಹೇಳಿರಲಿಲ್ಲ.

ಕಿಟಕಿಯ ಕಡೆಯಿಂದ ಅವ್ವನ ದನಿ ಬಂತು. "ಮೈ ಸನ್," ಎಂದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ಮತ್ತೊಮ್ಮೆ ಅಷ್ಟನ್ನೇ ಅಂದಳು.

ಎಂಟು ಹೊಡೆದಾಗ ವೈನಿ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಅತ್ತಿ, ಅನ್ನಕ್ಕ ಇಡ್ಲೇನ್ರಿ, ರೊಟ್ಟಿ ಸಾಕೋ?"

ಅವ್ವ ದಾರ ಕಡಿಯುತ್ತ ಮೆಲ್ಲಗೆ ಅಂದಳು: "ಹೆಸರ ಹೇಳಿಬಿಟ್ಟೆಲ್ಲ ತಂಗಿ."

"ಇಂಗ್ಲಿಷಿನ್ಯಾಗ ಹೇಳೀನ್ರಿ. ಅದು ನಮ್ಮ ಲೆಕ್ಕಕ್ಕ ಬರಂಗಿಲ್ಲ," ಎಂದು ವೈನಿ ಅಡುಗೆಮನೆಗೆ ಹೋದರು. ಅಲ್ಲಿಂದ, ಪಾತ್ರೆ ಇಡುವ ಸಪ್ಪಳದ ನಡುವೆ, ಮತ್ತೊಂದು ಮಾತು ಬಂತು: "ಇನ್ನ ಕಡಿಮಿ ಆಗಾಕ ಏನ್ ಉಳದೈತ್ರಿ ಆಯುಷ್ಯ."

ಅವತ್ತಿನ ವಾಕ್ಯಗಳನ್ನು ಯಾವ ಅಂಕಣಕ್ಕೆ ಹಾಕಬೇಕೋ ನನಗೆ ತೋಚಲಿಲ್ಲ. ಹಾಕಲಿಲ್ಲ.

ಆಮೇಲೆ ಏಳು ಗಂಟೆ ಬೇರೆಯೇ ಆಯಿತು. ಅವ್ವ ಆರೂವರೆಗೇ ಮಿಷನ್ನಿಗೆ ಬಟ್ಟೆ ಮುಚ್ಚಿ ಬಂದು ಗೋಡೆಗೆ ಒರಗಿ ಕೂರತೊಡಗಿದಳು. ಯಾವತ್ತೂ ಕರೆಂಟು, ನೀರು ಎಂದು ಗೊಣಗುವವಳು ಏಳಾಗುವುದನ್ನು ಕಾಯುತ್ತಿದ್ದಳು. ವೈನಿ ಗಾಲಿಕುರ್ಚಿಯ ಎರಡು ವಾಕ್ಯ ಹೇಳುವಷ್ಟರಲ್ಲಿ ಅಣ್ಣನ ಕಡೆ ಹೊರಳುವರು. ಅವನಿಗೆ ಜಿಲೇಬಿ ಇಷ್ಟ. ಅವನು ಬೈಕಿನ ಕೀ ಎಲ್ಲಿಟ್ಟೆನೆಂದು ದಿನಾ ಮರೆಯುತ್ತಿದ್ದ. ಒಂದು ಭಾನುವಾರ ಸಿನೆಮಾಕ್ಕೆ ಕರೆದೊಯ್ಯುತ್ತೇನೆಂದು ಹೇಳಿ ನಿದ್ದೆ ಹೋದ. ಎಲ್ಲ ಈ ಹೊತ್ತು ನಡೆಯುತ್ತಿರುವ ಹಾಗೆ, ಹಿ ಗೋ, ಹಿ ಈಟ್, ಹಿ ಸ್ಲೀಪ್. ನಾನು ತಿದ್ದಲಿಲ್ಲ. ಅವ್ವ ನಡುನಡುವೆ ತನಗೆ ಬೇಕಾದ ಶಬ್ದ ಕೇಳುತ್ತಿದ್ದಳು, ಸನ್ನೆಯಿಂದ. ತೊಟ್ಟಿಲು ತೂಗುವ ಹಾಗೆ ಕೈ ಮಾಡಿದಳು ಒಮ್ಮೆ. ನಾನು ಶಬ್ದ ಕೊಟ್ಟೆ. "ಸ್ಮಾಲ್ ಬೇಬಿ. ನೋ ಸ್ಲೀಪ್. ಆಲ್ ನೈಟ್," ಎಂದಳು. ವೈನಿ ಅವಳ ಮೊಣಕಾಲಿಗೆ ಕೈ ಇಟ್ಟರು.

ಎಂಟಾದ ಕೂಡಲೇ ಎಲ್ಲ ನಿಲ್ಲುತ್ತಿತ್ತು. ಕನ್ನಡದಲ್ಲಿ ನಾವು ಉಪ್ಪು, ಸೊಪ್ಪು, ಬಾಡಿಗೆ ಮಾತಾಡುತ್ತಿದ್ದೆವು.

ಇಂಟರ್‌ವ್ಯೂ ಹತ್ತಿರ ಬರುತ್ತಿತ್ತು. ನನಗೆ ಗಾಬರಿ. ಅರ್ಧ ತಾಸು ಕೆಲಸದ ಇಂಗ್ಲಿಷ್, ಅರ್ಧ ತಾಸು ಮನೆಯ ಇಂಗ್ಲಿಷ್ ಎಂದು ಭಾಗ ಮಾಡಿದೆ. "ನಿನ್ನ ಆಫೀಸು ಮನಿಗೂ ತಂದಿಯಲ್ಲವಾ," ಎಂದರು ವೈನಿ, ಆದರೆ ಒಪ್ಪಿದರು. ಕೊನೆಯ ಎರಡು ವಾರ ಗಟ್ಟಿಯಾಗಿ ಓದಿದರು. ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಬಟ್ಟೆ ಹಿಂಡುತ್ತ ಹೇಳಿಕೊಳ್ಳುತ್ತಿದ್ದರು. ಅವರಿಗೆ ಆ ಕೆಲಸ ಬೇಕಿತ್ತು. ಕೆಳಗಿನ ಮನೆಯವಳ ಏರ್‌ಪೋರ್ಟಿನ ನೀಲಿ ಕೋಟನ್ನು ಒಮ್ಮೆ ಹಾಕಿಕೊಂಡು ಕನ್ನಡಿ ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ.

ಇಂಟರ್‌ವ್ಯೂ ದಿನ ಬುಧವಾರ. ನಾನು ಅರ್ಧ ದಿನ ರಜೆ ಹಾಕಿ ಅವರನ್ನು ಆ ಆಫೀಸಿನ ಬಾಗಿಲಿಗೆ ಬಿಟ್ಟು ಕೆಳಗೆ ಚಹಾದ ಅಂಗಡಿಯಲ್ಲಿ ಕಾದೆ. ಬಹಳ ಹೊತ್ತಾಗಲಿಲ್ಲ, ಇಳಿದು ಬಂದರು. ಕೈಯಲ್ಲಿ ಒಂದು ನೀರಿನ ಬಾಟಲಿ ಇತ್ತು. "ನಡಿ," ಎಂದರು. ಬೇಗಂಪೇಟೆ ಸ್ಟೇಷನ್ನಿನಿಂದ ಲೋಕಲ್ ರೈಲು ಹತ್ತಿದೆವು. ಸಿಕಂದರಾಬಾದ್ ದಾಟಿದ ಮೇಲೆ ತಾವಾಗಿ ಶುರು ಮಾಡಿದರು.

"ಒಬ್ಬಾಕಿ ಮೇಡಮ್ಮು, ಒಬ್ಬ ಸಾಹೇಬ. ನಿನ್ನ ಬಗ್ಗೆ ಹೇಳು ಅಂದ್ರು. ನಾ ಶುರು ಮಾಡಿದೆ. ನಾ ಪೇರು ಅಂದೆ, ಮೇರಾ ನಾಮ್ ಅಂದೆ. ಮೇಡಮ್ಮು ಕೈ ಎತ್ತಿದ್ಲು. ಓನ್ಲಿ ಇಂಗ್ಲಿಷ್ ಪ್ಲೀಸ್ ಅಂದ್ಲು."

"ಆಮೇಲೆ?"

"ಆಮ್ಯಾಲ ಏನು. ಮೆಟ್ಟಲಾ ಕಿತ್ತಿದ್ರಲ್ಲ. ತುಟಿಯೊಳಗ ತೆಲುಗು ಹಿಂದಿ ಅನಕೊಳ್ಳಾಕತ್ತಿದ್ದೆ. ಸಾಹೇಬ ತೆಲುಗಿನ್ಯಾಗ ಕೇಳಿದ, ಏನಮ್ಮಾ, ದೇವರಿಗೆ ಬೇಡಿಕೊಳ್ಳಾಕತ್ತೀಯೇನು ಅಂತ." ವೈನಿ ನಕ್ಕರು. "ಮುದುಕಿ ಕನ್ನಡಕ ಕಳಕೊಂಡಾಳ, ಏನಂತಿ ಅಂತ ಕೇಳಿದ್ರು. ನಾನು ತೆಲುಗು ದಾಟಿ ಹಿಂದಿಗೆ ಬರೂದ್ರಾಗ ಅವರು ಮುಂದಿನ ಪ್ರಶ್ನೆಗೆ ಹೋಗಿದ್ರು. ಆ ಮುದುಕಿ ಇನ್ನಾ ಕಣ್ಣು ಕಾಣದ ಅಲ್ಲೇ ಕೂತಾಳ."

ರೈಲಿನಲ್ಲಿ ಕಾಲೇಜಿನ ಹುಡುಗರು ಹತ್ತಿದರು. ನಾವು ಬಾಗಿಲ ಕಡೆ ಸರಿದೆವು.

"ಕೊನಿಗೆ ಫಾರ್ಮ್ ನೋಡಿ ಕೇಳಿದ್ಲು, ಹಸ್ಬೆಂಡ್ಸ್ ನೇಮ್. ಅದು ಮಾತ್ರ ಸೀದಾ ಬಂತು ನೋಡವಾ. ಒಂದ್ ಮೆಟ್ಟಲನೂ ಬೇಕಾಗಲಿಲ್ಲ. ಹೇಳಿದೆ. ಹೇಳಿದ ಮ್ಯಾಲ ನಿಲ್ಲಲಿಲ್ಲ. ಕೆಂಪು ಅಂಗಿ ಹೇಳಿದೆ. ಜಿಲೇಬಿ ಹೇಳಿದೆ. ಟುಮಾರೋ ಟುಮಾರೋ ಅಂದದ್ದು ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಾಕತ್ತಿದ್ರು, ನನಗ ಕಾಣಸ್ತಿತ್ತು, ಖರೇ ಹೇಳ್ತೀನಿ, ಕಾಣಸ್ತಿತ್ತು. ಆದ್ರ ಬಾಯಿ ನಿಲ್ಲಲಿಲ್ಲ. ಮೇಡಮ್ಮು ಎದ್ದು ಬಂದು ನೀರ್ ಕೊಟ್ಲು. ಹೊಸಾ ಬಾಟಲಿ. ಆಕೀನ ಸೀಲ್ ಒಡದು ಕೊಟ್ಲು."

"ಏನಂದರು?"

"ತಿಳಸ್ತೀವಿ ಅಂದ್ರು. ತೆಲುಗಿನ್ಯಾಗ ಅಂದ್ರು, ಭಾಳ ಮೆತ್ತಗ."

ಅಷ್ಟು ಮೆತ್ತಗೆ ಹೇಳಿದವರು ತಿಳಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹೋಳಿ ಹುಣ್ಣಿಮೆಯ ತನಕ ಅವರು ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದರು. ನಾನು ಅಬಿಡ್ಸಿನ ಎರಡು ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಕೇಳಿದೆ. ಒಂದರಲ್ಲಿ ಅನುಭವ ಬೇಕೆಂದರು. ಇನ್ನೊಂದರಲ್ಲಿ ದಸರೆಗೆ ಬನ್ನಿ, ಆಗ ತೆಗೆದುಕೊಳ್ಳುತ್ತೇವೆ ಎಂದರು. ದಸರೆ ಯುಗಾದಿಯ ಆಚೆ ಬಹಳ ದೂರ.

ಆ ದಿನಗಳಲ್ಲೂ ಏಳಕ್ಕೆ ಕೂರುತ್ತಿದ್ದೆವು. ಇನ್ನು ಕೆಲಸದ ಇಂಗ್ಲಿಷ್ ಇರಲಿಲ್ಲ. ಪೂರ್ತಿ ತಾಸು ಅಣ್ಣನದೇ. ಒಂದು ಸಂಜೆ ವೈನಿ ಅವ್ವನನ್ನು ಕೇಳಿದರು, "ಯು ಸ್ಯಾಡ್, ಐ ಗೋ?" ಅವ್ವನಿಗೆ ಅರ್ಥವಾಯಿತು. ನನ್ನ ನಿಯಮ ಮುರಿದು ಕನ್ನಡದಲ್ಲೇ ಹೇಳಿದಳು:

"ರಾಯಚೂರಿನ ನಿಮ್ಮಣ್ಣ ಹೇಳೂದ್ರಾಗ ತಪ್ಪಿಲ್ಲ ತಂಗಿ. ನಾ ಮೂವತ್ತೆರಡಕ್ಕ ಒಬ್ಬಾಕಿ ಆದೆ. ಎರಡ್ ಮಕ್ಕಳಿದ್ವು, ಅವನ್ನ ನೋಡಕೋತ ದಿನಾ ಕಳದೆ. ನಿನಗ ಅದೂ ಇಲ್ಲ. ಇಲ್ಲಿದ್ದು ನನ್ನ ಮಾರಿ ಎಷ್ಟ್ ವರ್ಷ ನೋಡ್ತಿ? ಈಕಿನೂ ಒಂದಿನ ಮದಿವಿ ಮಾಡಕೊಂಡು ಹೋಗ್ತಾಳ."

"ನೀವು ಹೋಗು ಅಂತೀರೇನ್ರಿ?"

"ಹೋಗು ಅನ್ನಾಕ ನನಗ ಬಾಯಿ ಬರಂಗಿಲ್ಲ. ಇರು ಅನ್ನಾಕ ಮನಸ್ಸು ಬರಂಗಿಲ್ಲ."

ನಾನು ಅವ್ವನ ಮೇಲೆ ಸಿಟ್ಟಾದೆ, ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಈಗ ಯೋಚಿಸಿದರೆ ಅವಳಂದದ್ದು ನಿಜವಿತ್ತು, ಅದಕ್ಕೇ ಸಿಟ್ಟು.

ಯುಗಾದಿಯ ಮರುದಿನ ವೈನಿಯ ಅಣ್ಣ ಕಾರು ಮಾಡಿಕೊಂಡು ಬಂದರು. ಸೋಲು ಗೆಲುವಿನ ಮಾತು ಎತ್ತಲಿಲ್ಲ. ಒಳಗೆ ಬಂದು ಅವ್ವನ ಕಾಲು ಮುಟ್ಟಿ, ಹೋಳಿಗೆ ತಿಂದು, ತಂಗಿಯ ಟ್ರಂಕನ್ನು ತಾವೇ ಎತ್ತಿಕೊಂಡು ಇಳಿದರು. ಟ್ರಂಕಿನಿಂದ ಮೊದಲೇ ತೆಗೆದಿಟ್ಟಿದ್ದ ನಮ್ಮಣ್ಣನ ಕೆಂಪು ಅಂಗಿಯನ್ನು ವೈನಿ ನನ್ನ ಕೈಗೆ ಕೊಟ್ಟರು. "ಅಲ್ಲಿ ಎಲ್ಲಿ ಇಡ್ಲಿ ಇದನ್ನ? ಯಾರದು ಅಂತ ಕೇಳ್ತಾರ." ಗಲ್ಲಿಯ ತಿರುವಿನ ತನಕ ನಾನು ಕಾರಿನ ಹಿಂದೆ ನಡೆದೆ. ಅವರು ಹಿಂದಿನ ಗಾಜಿನಿಂದ ನೋಡುತ್ತಿದ್ದರೋ ಇಲ್ಲವೋ, ಬಿಸಿಲು ಗಾಜಿಗೆ ಬಿದ್ದು ಕಾಣಿಸಲಿಲ್ಲ.

ಮೊದಲ ತಿಂಗಳು ಸಂಜೆ ಏಳಕ್ಕೆ ನಾನೇ ಫೋನು ಮಾಡುತ್ತಿದ್ದೆ. ಅವ್ವನೂ ಹತ್ತಿರ ಬಂದು ಕೂರುವಳು.

"ಹೌ ಆರ್ ಯು, ವೈನಿ?"

"ಆರಾಮ್ ಅದೀನವಾ. ನೀವೆಲ್ಲಾ ಆರಾಮಲ್ಲ?"

"ಇಂಗ್ಲಿಷಿನಲ್ಲಿ ಹೇಳಿ."

"ಮಂದಿ ಅದಾರವಾ ಇಲ್ಲಿ. ಏನ್ ಗುಟ್ಟು ಮಾತಾಡ್ತಾಳ ಅಂತಾರ."

ಅಲ್ಲಿ ಯಾವ ಹೊತ್ತಿಗೂ ಮಂದಿ ಇರುತ್ತಿದ್ದರು. ಅವರ ಅತ್ತಿಗೆ, ಅತ್ತಿಗೆಯ ತಾಯಿ, ಅಂಗಡಿಯಿಂದ ಊಟಕ್ಕೆ ಬಂದವರು. ನಾನು ಎರಡು ಮೂರು ಸಲ ಇಂಗ್ಲಿಷಿನಲ್ಲಿ ಶುರು ಮಾಡಿ ನೋಡಿದೆ. ಅವರು ಕನ್ನಡದಲ್ಲೇ ಉತ್ತರ ಕೊಟ್ಟರು. ಅಲ್ಲಿನ ಸೆಕೆ, ಹಪ್ಪಳ ಹಾಕಿದ್ದು, ಮಾವಿನಕಾಯಿ ರೇಟು. ಅಣ್ಣನ ಮಾತು ಒಮ್ಮೆಯೂ ಬರಲಿಲ್ಲ. ಕನ್ನಡದಲ್ಲಿ ಬರುವ ಹಾಗಿರಲಿಲ್ಲ.

ಮೃಗಶಿರ ಮಳೆ ಹಿಡಿದ ವಾರ, ಒಂದು ಶುಕ್ರವಾರ, ಅವರೇ ಫೋನು ಮಾಡಿದರು. ಆಫೀಸಿನಿಂದ ಆಗಷ್ಟೇ ಬಂದು ಒದ್ದೆ ಚಪ್ಪಲಿ ಬಿಡುತ್ತಿದ್ದೆ. ದನಿ ಸಣ್ಣಗಿತ್ತು. ಮಾಳಿಗೆ ಮೇಲೆ ಬಂದಿದ್ದೇನೆ, ಯಾರೂ ಇಲ್ಲ ಎಂದರು.

"ಮದಿವಿ ಗೊತ್ತಾತವಾ, ಸಿಂಧನೂರಿನವರು. ಗೊಬ್ಬರದ ಅಂಗಡಿ ಐತಿ. ಅವರದೂ ಎರಡನೇದು. ಮಂದಿ ಚೊಲೋ ಅದಾರ ಅಂತ ಎಲ್ಲಾರೂ ಅಂತಾರ."

"ನಿಮಗೆ?"

"ಒಂದ್ ಸಲ ನೋಡೀನಿ. ಕಡಿಮಿ ಮಾತಾಡ್ತಾರ."

ಯಾರೂ ಇಲ್ಲ ಎಂದಿದ್ದರಲ್ಲ, ಅದಕ್ಕೆ ನಾನು ಇಂಗ್ಲಿಷಿನಲ್ಲಿ ಕೇಳಿದೆ, ಬಿಡಿಬಿಡಿಯಾಗಿ, ಪಾಠದ ಹಾಗೆ: "ಆರ್ ಯು ಹ್ಯಾಪಿ?"

ಏನೋ ಹೇಳಲು ಹೊರಟು ತಡೆದ ಹಾಗಾಯಿತು. ನನಗೆ ಗೊತ್ತು, ಅವರು ಇಂಗ್ಲಿಷ್ ಶುರು ಮಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು. ಅವರಿಗೂ ಗೊತ್ತಿತ್ತು.

"ನೋಡವಾ," ಎಂದರು ಕೊನೆಗೆ, ಕನ್ನಡದಲ್ಲಿ. "ಅಲ್ಲಿಗೆ ಹೋದ ಮ್ಯಾಲ ನೀ ಫೋನ್ ಮಾಡಬ್ಯಾಡ. ಬಂತು ಅಂದ್ರ ಅವರು ಯಾರು ಅಂತ ಕೇಳ್ತಾರ. ನಾ ಏನ್ ಹೇಳ್ಲಿ? ನಾನ ಮಾಡ್ತೀನಿ, ಹೊತ್ತು ನೋಡಿ."

"ಮಾಡಿ."

"ಅತ್ತಿಯವರಿಗೆ ಹೇಳಬ್ಯಾಡ ಈಗ. ಆದ ಮ್ಯಾಲ ಹೇಳು."

"ಸರಿ ವೈನಿ."

"ಇನ್ನ ವೈನಿ ಅನ್ನಬ್ಯಾಡ," ಎಂದರು. ಆಮೇಲೆ ಏನೆಂದು ಕರೆಯಬೇಕು ಎಂದು ಹೇಳಲಿಲ್ಲ. ಕೆಳಗಿನಿಂದ ಯಾರೋ ಕೂಗಿದರು. ಫೋನು ಇಟ್ಟರು.

ಅವ್ವ ಒಳಗಿನಿಂದ ಬೇಗ ಬೇಗ ಕೈ ಒರೆಸಿಕೊಳ್ಳುತ್ತ ಬಂದಳು. "ಆಕೀನ ಅಲ್ಲ? ಏನಂದ್ಲು?"

"ಆರಾಮ್ ಅದಾರಂತ."

"ನನಗ ಕೊಡಬೇಕಿತ್ತಲ್ಲ."

"ಮುಂದಿನ ಸಲ ಕೊಡ್ತೀನಿ," ಎಂದೆ.